ಮುದಿ ನಾಯಿಗೆ ಆಪರೇಷನ್ನಾ, ಮಾತ್ರೆನಾ?

ಆಳಂದದ ಅಕ್ಕೋರೆ, ನಿಮ್ಮ 11 ವರ್ಷದ ಪಾಮೇರಿಯನ್‌ಗೆ ಗರ್ಭಚೀಲದಲ್ಲಿ ಕೀವು ತುಂಬಿದೆ, ಈ ವಯಸ್ಸಿಗೆ ಆಪರೇಷನ್ ತಡೀತದಾ, ಮಾತ್ರೆಯಲ್ಲೇ ಮುಗಿಸಬಹುದಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಆಪರೇಷನ್ನೇ ಮಾಡಿಸಿರಿ.

ನಮ್ಮ ಚಿನ್ನಿಗೂ ಇದೇ ಆಗಿತ್ತು. ಬೆದೆ ಮುಗಿದು ಒಂದೂವರೆ ತಿಂಗಳಾಗಿತ್ತು. ಬಿಸಿಲಿಗೆ ನೀರು ಜಾಸ್ತಿ ಕುಡಿಯುತ್ತಾಳೆ ಅಂತ ಸುಮ್ನೆ ಇದ್ದೆವು. ನಮ್ಮ ಕಡೆ ಬಿಸಿಲು ಗೊತ್ತಲ್ವಾ! ಆಮೇಲೆ ಅವಳು ಮಲಗುವ ಗೋಣಿಚೀಲದ ಮೇಲೆ ಕಂದು ಕಲೆ ಕಂಡಿತು, ಕೆಟ್ಟ ವಾಸನೆ. ಆಂಟಿಬಯಾಟಿಕ್ ಕೊಡಿಸಿದೆವು. ನಾಲ್ಕೇ ದಿನಕ್ಕೆ ರೊಟ್ಟಿ ಡಬ್ಬಿ ಸದ್ದಿಗೆ ಎದ್ದು ಬಂದಳು. ವಾಸಿಯಾಯ್ತು ಅಂದುಕೊಂಡೆವು. ಮುಂದಿನ ಬೆದೆ ಆದ ಮೇಲೆ ಮತ್ತೆ ಅದೇ ಕಥೆ. ಔಷಧಿಗೆ ಕೀವು ಇಳಿಯಬಹುದು, ಆದರೆ ಗರ್ಭಚೀಲ ಅಲ್ಲೇ ಇರುತ್ತಲ್ಲ.

ವಯಸ್ಸಿನ ಲೆಕ್ಕಕ್ಕಿಂತ ಕಿಡ್ನಿ, ಹೃದಯ ಹೇಗಿವೆ ಅನ್ನೋದು ಮುಖ್ಯ. ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸಿ. ಮೊದಲು ಡ್ರಿಪ್ ಹಾಕಿ ಚೇತರಿಸಿ, ಆಮೇಲೆ ಅರಿವಳಿಕೆ ಕೊಡುತ್ತಾರೆ. ಹೃದಯ ತೀರಾ ಸೋತಿದೆ ಅಂತ ಡಾಕ್ಟರೇ ಹೇಳಿದರೆ ಮಾತ್ರ ಔಷಧಿಯ ಮಾತು. ಬೀದರಿನ ಪಶುವೈದ್ಯ ಕಾಲೇಜಿನಲ್ಲಿ ತೋರಿಸಿದರೆ ಒಳ್ಳೆಯದು. ಬೇಸಿಗೆಯಾದರೆ ನಸುಕಿನಲ್ಲೇ ಹೊರಡಿ.

ಆಪರೇಷನ್ ಆದ ಮೇಲೆ ಹೊಲಿಗೆ ನೆಕ್ಕದಂತೆ ನಮ್ಮ ಹುಡುಗನ ಹಳೇ ಬನಿಯನ್ ತೊಡಿಸಿದ್ದೆವು. ಎರಡು ದಿನ ಮುನಿಸಿಕೊಂಡು ಮೂಲೆ ಹಿಡಿದಿದ್ದಳು ಅಷ್ಟೇ.

ಒಂದು ಮಾತು ಕೇಳೋದಿತ್ತು. ಕೀವು ಹೊರಗೆ ಬರುತ್ತಿದೆಯಾ? ಬರದೇ ಹೊಟ್ಟೆ ಉಬ್ಬುತ್ತಿದ್ದರೆ ಒಳಗೇ ಒಡೆಯಬಹುದು. ಹಾಗಿದ್ದರೆ ನನ್ನ ಉತ್ತರಕ್ಕೆ ಕಾಯಬೇಡಿ, ಇವತ್ತೇ ಕರಕೊಂಡು ಹೋಗಿ.