‘ಸುಭದ್ರವಾಗಿ’ ಎಂದರೆ ಹೇಗೆ?

ಪ್ರಿಯ ಲೇಖಕರಿಗೆ ನಮಸ್ಕಾರ.

ನಮ್ಮ ಮಾಸಿಕಕ್ಕೆಂದು ನೀವು ಕಳಿಸಿದ ‘ವಾಹನದ ಕಣ್ಣು’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಓದಿಗೆ ಸಂತೋಷವಾಯಿತು, ಎರಡನೆಯದಕ್ಕೆ ಸಿಟ್ಟು ಬಂತು. ಅಂಕೋಲೆಯಲ್ಲಿ ಓದಿ, ದೀಪ ತಯಾರಿಸುವ ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿ ಐದು ವರ್ಷ ದುಡಿದವರು ಹೆಡ್‌ಲ್ಯಾಂಪ್ ಕುರಿತು ಕನ್ನಡದಲ್ಲಿ ಬರೆಯಲು ಮನಸ್ಸು ಮಾಡಿದ್ದು ಸಂತೋಷದ ವಿಷಯ. ಅಷ್ಟು ಬಲ್ಲವರು ತಮಗೆ ಗೊತ್ತಿರುವುದನ್ನೆಲ್ಲ ಬಚ್ಚಿಟ್ಟು ಬರೆದಿದ್ದಾರಲ್ಲ ಎಂಬುದು ಸಿಟ್ಟಿನ ವಿಷಯ. ಡಿಮ್‌ಗೊಂದು, ಬ್ರೈಟ್‌ಗೊಂದು ತಂತಿಯಿರುವ ಎಚ್4 ಬಲ್ಬಿನೊಳಗೆ ಡಿಮ್ ತಂತಿಯ ಕೆಳಗಿರುವ ಪುಟ್ಟ ಲೋಹದ ಬಟ್ಟಲು ಪ್ರತಿಫಲಕದ ಕೆಳ ಅರ್ಧಕ್ಕೆ ಬೆಳಕು ಹೋಗದಂತೆ ತಡೆಯುವ ಬಗೆಯನ್ನು ಚೆನ್ನಾಗಿ ವಿವರಿಸಿದ್ದೀರಿ. ಎಲ್‌ಇಡಿ ಕುರಿತ ಪುಟಗಳ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಇರುವುದು ಮೂರನೆಯ ಪುಟದ ಈ ಮೂರು ವಾಕ್ಯಗಳ ಬಗ್ಗೆ:

“ಹೆಡ್‌ಲ್ಯಾಂಪನ್ನು ವಾಹನದ ಮುಂಭಾಗದಲ್ಲಿ ಸೂಕ್ತ ಸ್ಥಾನದಲ್ಲಿ ಇರಿಸಲಾಗುತ್ತದೆ. ನಂತರ ಅದನ್ನು ನಾಲ್ಕು ಸ್ಕ್ರೂಗಳ ಸಹಾಯದಿಂದ ಸುಭದ್ರವಾಗಿ ಅಳವಡಿಸಲಾಗುತ್ತದೆ. ಪ್ರತಿಫಲಕವನ್ನು ಅಗತ್ಯಕ್ಕೆ ತಕ್ಕಂತೆ ಹೊಂದಿಸಲಾಗುತ್ತದೆ.”

ಮೊದಲ ವಾಕ್ಯದ ‘ಸೂಕ್ತ ಸ್ಥಾನ’ ಯಾವುದು? ವಿಶ್ವಸಂಸ್ಥೆಯ 48ನೆಯ ವಾಹನ ನಿಯಮದ ಪ್ರಕಾರ ಕಾರಿನ ಡಿಮ್ ದೀಪ ನೆಲದಿಂದ 500 ಮಿಲಿಮೀಟರಿಗಿಂತ ಕೆಳಗಾಗಲೀ 1200 ಮಿಲಿಮೀಟರಿಗಿಂತ ಮೇಲಾಗಲೀ ಇರಕೂಡದು, ಅದರ ಹೊರ ಅಂಚು ವಾಹನದ ಪಕ್ಕದ ತುದಿಯಿಂದ 400 ಮಿಲಿಮೀಟರಿಗಿಂತ ಒಳಗೆ ಸರಿಯಕೂಡದು. ಈ ಅಂಕಿಗಳು ನಿಮ್ಮ ಮೇಜಿನ ಮೇಲೆ ದಿನವೂ ಬಿದ್ದಿರುತ್ತವೆ. ಎದುರಿನಿಂದ ಬರುವವನು ರಾತ್ರಿಯಲ್ಲಿ ವಾಹನದ ಅಗಲವನ್ನು ಅಂದಾಜು ಮಾಡುವುದು ಎರಡು ದೀಪಗಳ ನಡುವಿನ ಅಂತರದಿಂದಲೇ ಎಂದು ಅರ್ಧ ಸಾಲು ಸೇರಿಸಿದ್ದರೆ, ಆ 400ಕ್ಕೆ ಕಾರಣವೂ ಓದುಗನಿಗೆ ಸಿಗುತ್ತಿತ್ತು.

ಎರಡನೆಯ ವಾಕ್ಯದ ‘ಸುಭದ್ರವಾಗಿ’ ಎಂಬ ಪದ ನನ್ನ ನಿದ್ದೆ ಕೆಡಿಸಿತು. ನಾಲ್ಕೂ ಕಡೆ ಒಂದೇ ಸಮ ಬಿಗಿದರೆ ದೀಪ ಭದ್ರವಾಗುತ್ತದೆ ಎಂದು ಅದನ್ನು ಓದಿದವರು ತಿಳಿಯುತ್ತಾರೆ. ಹಾಗಲ್ಲವೆಂದು ನಿಮಗೆ ಗೊತ್ತಿದೆ. ದೀಪದ ಕವಚದ ಒಂದು ಗೂಟ ಬಾಡಿಯ ದುಂಡು ರಂಧ್ರದಲ್ಲಿ ಅಲುಗದಂತೆ ಕೂರುತ್ತದೆ. ಎರಡನೆಯ ಗೂಟ ಕೂರುವುದು ಉದ್ದನೆಯ ಸೀಳಿನಂಥ ರಂಧ್ರದಲ್ಲಿ, ಆ ಸೀಳು ದುಂಡು ರಂಧ್ರದ ಕಡೆಗೇ ಚಾಚಿರುತ್ತದೆ. ಉಳಿದ ಕಡೆ ಸ್ಕ್ರೂವಿಗಿಂತ ರಂಧ್ರವೇ ದೊಡ್ಡದು. ದೀಪ ಎಲ್ಲಿ ಕೂರಬೇಕೆಂದು ಮೊದಲೆರಡು ಗೂಟಗಳು ನಿರ್ಧರಿಸುತ್ತವೆ, ಸ್ಕ್ರೂಗಳ ಕೆಲಸ ಹಿಡಿದಿಡುವುದಷ್ಟೇ. ಇದರ ಕಾರಣ ಪ್ಲಾಸ್ಟಿಕ್ಕಿನ ಗುಣದಲ್ಲಿದೆ. ಅರ್ಧ ಮೀಟರ್ ಉದ್ದದ ಪಾಲಿಪ್ರೊಪಿಲೀನ್ ಕವಚ 30 ಡಿಗ್ರಿ ಬಿಸಿಯೇರಿದರೆ ಸುಮಾರು ಒಂದು ಮಿಲಿಮೀಟರ್ ಹಿಗ್ಗುತ್ತದೆ, ಅದನ್ನು ಹೊತ್ತಿರುವ ಅಷ್ಟೇ ಉದ್ದದ ಉಕ್ಕು 0.2 ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಎರಡೂ ಗೂಟಗಳಿಗೆ ದುಂಡು ರಂಧ್ರವನ್ನೇ ಕೊಟ್ಟರೆ ಈ ವ್ಯತ್ಯಾಸಕ್ಕೆ ಹೋಗಲು ದಾರಿಯಿಲ್ಲದೆ ಕವಚ ಬಾಗುತ್ತದೆ, ಇಲ್ಲವೇ ಸ್ಕ್ರೂ ಹಾಯುವ ಅದರ ಚಾಚು, ಅಂದರೆ ಕಿವಿ, ಮುರಿಯುತ್ತದೆ.

ಕಿವಿ ಮುರಿಯುವುದೆಂದರೆ ಏನೆಂದು ನಾನು ಕೈಯಾರೆ ಕಲಿತವನು. ಸಂಪಾದಕನಾಗುವ ಮೊದಲು, 1990ರ ದಶಕದ ಕೊನೆಯಲ್ಲಿ, ಕಾರವಾರದಲ್ಲಿ ಕೋಡಿಬಾಗದ ಕಡೆಗೆ ಹೋಗುವ ರಸ್ತೆಯ ಒಂದು ಆಟೋ ಇಲೆಕ್ಟ್ರಿಕ್ ಅಂಗಡಿಯಲ್ಲಿ ಎರಡು ವರ್ಷ ಕೆಲಸಕ್ಕಿದ್ದೆ. ತಗಡಿನ ಡೂಮ್, ಗಾಜಿನ ಮುಖದ ದೀಪಗಳನ್ನು ಬಿಚ್ಚಿ ಹಾಕಿ ಪಳಗಿದ ಕೈ ನನ್ನದು. ಪ್ಲಾಸ್ಟಿಕ್ ಕವಚದ ದೀಪ ಮೊದಲ ಸಲ ಬಂದ ದಿನ, ಘಾಟಿಯ ಕುಲುಕಾಟಕ್ಕೆ ಸಡಿಲವಾಗಬಾರದೆಂದು ನಾಲ್ಕೂ ಸ್ಕ್ರೂಗಳನ್ನು ಶಕ್ತಿ ಇದ್ದಷ್ಟು ತಿರುಗಿಸಿದೆ. ‘ಟಕ್’ ಎಂದಿತು. ಮೇಸ್ತ್ರಿ ಬೈಯಲಿಲ್ಲ. ಮುರಿದ ಕಿವಿಯನ್ನು ನನ್ನ ಅಂಗೈಯಲ್ಲಿಟ್ಟು, “ಬಿಗಿ ಮಾಡೂದಲ್ಲ ತಮ್ಮಾ, ಕೂರ್ಸೂದು ನೋಡು” ಎಂದರು. ಆ ದೀಪದ ಹಣ ಮೂರು ತಿಂಗಳು ನನ್ನ ಸಂಬಳದಲ್ಲಿ ಮುರಿಯಿತು.

ಅವರು ಕೆಲಸದ ಪುಸ್ತಕವನ್ನೂ ನನ್ನಿಂದಲೇ ಬರೆಸುತ್ತಿದ್ದರು. ನಾನು ಆಫೀಸಿನ ಗತ್ತಿನಲ್ಲಿ ‘ಹೆಡ್‌ಲೈಟ್ ಸರಿಪಡಿಸಲಾಗಿದೆ’ ಎಂದು ಬರೆದರೆ ಗೀಟು ಹಾಕಿ, ಯಾರು ಸರಿಪಡಿಸಿದ್ದು, ಏನು ಕೆಟ್ಟಿತ್ತು ಎಂದು ಕೇಳುತ್ತಿದ್ದರು. ಏಕೆಂದರೆ ವಾರದ ನಂತರ ಅದೇ ಗಾಡಿ ಮರಳಿ ಬಂದಾಗ ಆ ಬರಹದಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನಿಮ್ಮ ಮೂರೂ ವಾಕ್ಯಗಳು ‘ಲಾಗುತ್ತದೆ’ ಎಂದು ಮುಗಿದದ್ದನ್ನು ಕಂಡಾಗ ನನಗೆ ಆ ಗೀಟು ನೆನಪಾಯಿತು. ಕನ್ನಡಕ್ಕೆ ಈ ‘ಲಾಗುತ್ತದೆ’ ಬೇಡವೆಂದು ನಾನು ಹಟ ಹಿಡಿಯುವವನಲ್ಲ, ಆದರೆ ಇಲ್ಲಿ ಅದು ಕೆಲಸ ಮಾಡುವವನ ಜೊತೆಗೆ ಕೆಲಸದ ಕಾರಣವನ್ನೂ ಮರೆಮಾಡಿದೆ.

ಮೂರನೆಯ ವಾಕ್ಯದ ‘ಅಗತ್ಯಕ್ಕೆ ತಕ್ಕಂತೆ’ಯ ಕಥೆಯೂ ಇಂಥದ್ದೇ. ಪ್ರತಿಫಲಕ ಕವಚದೊಳಗೆ ಮೂರು ಗುಂಡುಕೀಲುಗಳ ಮೇಲೆ ನಿಂತಿರುತ್ತದೆ. ಒಂದು ಸ್ಥಿರ, ಮಿಕ್ಕ ಎರಡನ್ನು ಸ್ಕ್ರೂವಿನಿಂದ ಮುಂದೆ ಹಿಂದೆ ಸರಿಸಿದರೆ ಬೆಳಕು ಮೇಲೆ ಕೆಳಗೆ ಅಥವಾ ಎಡಕ್ಕೆ ಬಲಕ್ಕೆ ತಿರುಗುತ್ತದೆ. ನಾವು ಸಂಜೆಯಾದ ಮೇಲೆ ಗೋದಾಮಿನ ಗೋಡೆಯಿಂದ 10 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ, ದೀಪದ ಎತ್ತರಕ್ಕೆ ಸುಣ್ಣದ ಗೆರೆ ಎಳೆದು, ಡಿಮ್ ಬೆಳಕಿನ ಮೇಲಂಚು ಆ ಗೆರೆಗಿಂತ 10 ಸೆಂಟಿಮೀಟರ್ ಕೆಳಗೆ ಬೀಳುವಂತೆ ತಿರುಪುತ್ತಿದ್ದೆವು. ಕೀಲುಗಳ ನಡುವೆ 200 ಮಿಲಿಮೀಟರ್ ಅಂತರವಿದ್ದರೆ ಒಂದೇ ಮಿಲಿಮೀಟರಿನ ಸರಿತಕ್ಕೆ ಗೋಡೆಯ ಮೇಲಿನ ಆ ಅಂಚು 5 ಸೆಂಟಿಮೀಟರ್ ಏರುತ್ತದೆ. 70 ಸೆಂಟಿಮೀಟರ್ ಎತ್ತರದ ದೀಪವಾದರೆ, 70 ಮೀಟರ್ ದೂರದಲ್ಲಿ ನೆಲ ಮುಟ್ಟಬೇಕಾದ ಅಂಚು 140 ಮೀಟರಿಗೆ ಹೋಗುತ್ತದೆ. ದೇವಿಮನೆ ಘಾಟಿಯ ತಿರುವಿನಲ್ಲಿ ಎದುರಾಗುವ ಚಾಲಕನ ಕಣ್ಣಿಗೆ ಅದು ಹೊಡೆಯುತ್ತದೆ. ನೀವು ಒಂದು ಮಿಲಿಮೀಟರಿಗಾಗಿ ವಾರಗಟ್ಟಲೆ ತಲೆಕೆಡಿಸಿಕೊಳ್ಳುವುದು ಏಕೆಂದು ಶಿರಸಿಯಿಂದ ಕುಮಟೆಗೆ ರಾತ್ರಿ ಇಳಿದ ಓದುಗನಿಗೆ ಈ ಲೆಕ್ಕದಿಂದ ತಿಳಿಯುತ್ತದೆ.

ಇನ್ನೊಂದು ದೂರು ನಿಮ್ಮ ಶೀರ್ಷಿಕೆಯ ಬಗ್ಗೆ. ಕಣ್ಣು ಬೆಳಕನ್ನು ಒಳಕ್ಕೆ ತೆಗೆದುಕೊಳ್ಳುತ್ತದೆ, ದೀಪ ಹೊರಕ್ಕೆ ಕೊಡುತ್ತದೆ. ಹೋಲಿಕೆ ಹಳೆಯದು ಎಂಬುದನ್ನು ಕ್ಷಮಿಸಬಹುದಿತ್ತು, ಆದರೆ ಅದು ನಿಮ್ಮನ್ನು ನಾಲ್ಕನೆಯ ಪುಟದಲ್ಲಿ ತಪ್ಪಿಗೆ ಎಳೆದಿದೆ. “ಕಣ್ಣುಗುಡ್ಡೆಯಂತೆ ಹೆಡ್‌ಲ್ಯಾಂಪ್ ಕೂಡ ಸಂಪೂರ್ಣ ಮುಚ್ಚಿರುತ್ತದೆ” ಎಂದು ಬರೆದಿದ್ದೀರಿ. ಗಾಜು, ಪ್ರತಿಫಲಕ, ತಂತಿ ಎಲ್ಲ ಒಂದೇ ಮುಚ್ಚಿದ ಘಟಕವಾಗಿದ್ದ ಹಳೆಯ ಸೀಲ್ಡ್ ಬೀಮ್ ದೀಪಗಳು ಹಾಗಿದ್ದವು. ನೀವು ವಿವರಿಸುತ್ತಿರುವ, ಬಲ್ಬ್ ಬದಲಿಸಬಹುದಾದ ದೀಪ ಉಸಿರಾಡುತ್ತದೆ. ಒಳಗಿನ ಗಾಳಿ 30 ಡಿಗ್ರಿಯಿಂದ 60ಕ್ಕೆ ಏರಿದರೆ ಹತ್ತರಲ್ಲೊಂದು ಭಾಗದಷ್ಟು ಹಿಗ್ಗಿ ಹೊರಬೀಳುತ್ತದೆ, ದೀಪ ಆರಿ ಮೇಲೆ ಮಳೆ ಹೊಯ್ದಾಗ ಕುಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ದಾರಿಯನ್ನೆಲ್ಲ ಮುಚ್ಚಿಬಿಟ್ಟರೆ ಆ ಎಳೆತವೇ ಬಲ್ಬಿನ ರಬ್ಬರ್ ಮುಚ್ಚಳದ ಸಂದಿನಿಂದ ನೀರನ್ನು ಒಳಕ್ಕೆ ತರುತ್ತದೆ. ಅದಕ್ಕೆಂದೇ ಕವಚದ ಹಿಂದೆ ಬಾಗಿದ ರಬ್ಬರ್ ಕೊಳವೆಗಳನ್ನೋ, ಆವಿಯನ್ನು ಬಿಟ್ಟು ನೀರಹನಿಯನ್ನು ತಡೆಯುವ ತೆಳುಪೊರೆಯನ್ನೋ ಇಡುತ್ತೀರಿ, ಚಕ್ರ ಎರಚುವ ನೀರು ತಾಗದ ಜಾಗವನ್ನು ಹುಡುಕಿ ಇಡುತ್ತೀರಿ. ಆಷಾಢದಲ್ಲಿ ಕಾರವಾರದ ಯಾವ ಬೀದಿಯಲ್ಲಿ ನಿಂತರೂ ಒಳಗೆ ಮಂಜು ಕಟ್ಟಿದ ನಾಲ್ಕು ಹೆಡ್‌ಲ್ಯಾಂಪ್ ಕಾಣಸಿಗುತ್ತವೆ. ನಮ್ಮ ಓದುಗರು ನಿಮ್ಮನ್ನು ಮೊದಲು ಕೇಳುವುದು ಆ ಮಂಜಿನ ವಿಷಯವನ್ನೇ, ಲೇಖನದಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ.

ಮೂರನೆಯ ಮತ್ತು ನಾಲ್ಕನೆಯ ಪುಟಗಳನ್ನಷ್ಟೇ ಈ ಪತ್ರದೊಡನೆ ಮರಳಿಸಿದ್ದೇನೆ, ಉಳಿದ ಪುಟಗಳು ನನ್ನಲ್ಲೇ ಇವೆ. ಈ ಎರಡನ್ನು ಹೊಸದಾಗಿ ಬರೆದು ಕಳಿಸಿ, ಶೀರ್ಷಿಕೆಯನ್ನೂ ಬದಲಿಸಿ. ಜೊತೆಗೆ ಕವಚದ ಹಿಂಬದಿಯ ಒಂದು ರೇಖಾಚಿತ್ರ ಬೇಕು. ಉದ್ದ ರಂಧ್ರದ ಸೀಳು ಯಾವ ದಿಕ್ಕಿಗೆ ಚಾಚಿದೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುವಂತಿರಲಿ.