ಅಟ್ಟದಲ್ಲಿ ಸಿಕ್ಕ ವೈಮಾನಿಕ ಶಾಸ್ತ್ರದ ನೋಟ್‌ಬುಕ್: ಮೂಲವೋ, ಖೋಟಾವೋ?

ಅಟ್ಟದಲ್ಲಿ ವೈಮಾನಿಕ ಶಾಸ್ತ್ರದ, ಅಂದರೆ ವಿಮಾನಗಳ ಬಗೆಗಿನ ಸಂಸ್ಕೃತ ಗ್ರಂಥದ, ಕೈಬರಹದ ನೋಟ್‌ಬುಕ್ ಸಿಕ್ಕಿದೆ, ದಲ್ಲಾಳಿಯೊಬ್ಬ ಅದರ ಬೆನ್ನು ಹತ್ತಿದ್ದಾನೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ಒಂದು ಕಾಲಕ್ಕೆ ನನ್ನ ತಲೆಯನ್ನೂ ತಿಂದದ್ದು, ಹಾಗಾಗಿ ಸುತ್ತುಬಳಸದೆ ಹೇಳುತ್ತೇನೆ. ಆನೇಕಲ್ ಕಡೆಯ ಹಳೇ ಮನೆಯ ಅಟ್ಟದಲ್ಲಿ ಸಿಕ್ಕ ಆ ನೋಟ್‌ಬುಕ್ಕಿಗೆ ಕಾರ್ಬನ್ ಡೇಟಿಂಗ್ (ಇಂಗಾಲದಿಂದ ವಯಸ್ಸು ಅಳೆಯುವ ಪರೀಕ್ಷೆ) ಮಾಡಿಸಬೇಡಿ, ದುಡ್ಡು ದಂಡ. ಇನ್ನೊಂದು ವಿಷಯ: ‘ಭರದ್ವಾಜ ಮಹರ್ಷಿ ಬರೆದದ್ದಾ, ಇಲ್ಲ ಯಾರೋ ಖೋಟಾ ಮಾಡಿದ್ದಾ’ ಎಂದು ಕೇಳಿದ್ದೀರಿ. ವೈಮಾನಿಕ ಶಾಸ್ತ್ರದ ಮಟ್ಟಿಗೆ ಈ ಎರಡೂ ಉತ್ತರ ತಪ್ಪು.

ಜಿ. ಆರ್. ಜೋಸ್ಯರ್ ಅವರು 1973ರಲ್ಲಿ ಇಂಗ್ಲಿಷ್ ಅನುವಾದದ ಜೊತೆ ಮೈಸೂರಿನಲ್ಲಿ ಪ್ರಕಟಿಸಿದ ಪುಸ್ತಕ ಕೈಗೆ ಸಿಕ್ಕರೆ ಶ್ಲೋಕಗಳನ್ನು ಆಮೇಲೆ ಓದಿ. ಮೊದಲು ನಕ್ಷೆಗಳ ಅಡಿಬರಹ ನೋಡಿ. ಬರೆದವರು ಬೆಂಗಳೂರಿನ ಟಿ. ಕೆ. ಎಲ್ಲಪ್ಪ, ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳ ಸೂಚನೆಯಂತೆ, 1923. ಹೆಸರು, ಊರು, ಇಸವಿ ಎಲ್ಲ ಇದೆ. ಸಾವಿರಾರು ವರ್ಷ ಹಳೆಯದೆಂದು ನಂಬಿಸಲು ಹೊರಟವನು ತನ್ನ ವಿಳಾಸವನ್ನು ಮೂಲೆಯಲ್ಲಿ ಬರೆದಿಡುತ್ತಾನೆಯೇ? ಶಾಸ್ತ್ರಿಗಳು ಓಲೆಗರಿ ಸಿಕ್ಕಿತು ಎಂದು ಹೇಳಿಕೊಳ್ಳಲಿಲ್ಲ. ಅವರಿಗೆ ಅದು ಒಳಗಿನಿಂದ ಸ್ಫುರಿಸಿದ್ದು. ಅವರು ಹೇಳುತ್ತಾ ಹೋದರು, ವೆಂಕಟಾಚಲ ಶರ್ಮರು ಬರೆದುಕೊಂಡರು. 1918ರಿಂದ 1923ರವರೆಗಿನ ಕೆಲಸ ಅದು. ಭರದ್ವಾಜರ ‘ಯಂತ್ರಸರ್ವಸ್ವ’ದ ಭಾಗ ಎಂಬ ಮಾತು ಇರುವುದು ಆ ಪಠ್ಯದ ಒಳಗೇ. ಅದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಅದನ್ನು ಕೃತಕ ಹಸ್ತಪ್ರತಿ ಎನ್ನಲು ಬರುವುದಿಲ್ಲ. ಹಳತೆಂದು ತೋರಿಸುವ ವಸ್ತುವೇ ಅಲ್ಲಿ ಇರಲಿಲ್ಲ. ‘ಸ್ಫುರಿಸಿದ್ದು’ ಎಂಬುದು ಬಾಯಿಂದ ಬಾಯಿಗೆ ಹೋಗುತ್ತಾ ‘ಸಿಕ್ಕಿದ್ದು’ ಆಯಿತು. ಎಡವಟ್ಟು ಆದದ್ದು ಅಲ್ಲಿ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಐದು ಮಂದಿ, ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್. ಪಿ. ಗೋವಿಂದರಾಜು, 1974ರಲ್ಲಿ ಇದನ್ನು ಪರಿಶೀಲಿಸಿ ಬರೆದಿದ್ದಾರೆ. ಕೃತಿ 1904ಕ್ಕಿಂತ ಹಿಂದಿನದಾಗಲಾರದು, ಸಂಸ್ಕೃತ ಸರಳ, ಆಧುನಿಕ, ವೈದಿಕ ಭಾಷೆಯ ಸುಳಿವೇ ಇಲ್ಲ ಎಂಬುದು ಅವರ ತೀರ್ಮಾನ. ಶಕುನ, ಸುಂದರ, ರುಕ್ಮ, ತ್ರಿಪುರ, ಪುಸ್ತಕದಲ್ಲಿರುವ ಈ ನಾಲ್ಕು ವಿಮಾನಗಳಲ್ಲಿ ಒಂದೂ ಹಾರುವಂಥದ್ದಲ್ಲ ಎಂದೂ ಹೇಳಿದರು. ಜನ ಈ ಕಡೆಯ ಮಾತನ್ನೇ ಎತ್ತಿ ಆಡುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು: ಪಠ್ಯಕ್ಕೂ ನಕ್ಷೆಗೂ ತಾಳೆಯೇ ಆಗುವುದಿಲ್ಲ, ನಕ್ಷೆಗಳಲ್ಲಿ ಮಾತ್ರ ಹೊಸ ಕಾಲದ ಯಂತ್ರಗಳ ಪರಿಚಯ ಎದ್ದು ಕಾಣುತ್ತದೆ. ಎಲ್ಲಪ್ಪನವರು ಇಲ್ಲಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದವರು ಎಂಬುದು ಅದಕ್ಕೆ ಕಾರಣ. ಅಂದರೆ ಇಲ್ಲಿ ಕರ್ತೃ ಒಬ್ಬರಲ್ಲ. ಹೇಳಿದವರು, ಬರೆದುಕೊಂಡವರು, ಚಿತ್ರ ಬಿಡಿಸಿದವರು, ಸಂಪಾದಿಸಿದವರು, ಒಬ್ಬೊಬ್ಬರದೂ ಬೇರೆ ಕೈ. 2015ರ ಜನವರಿಯಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳ ಬಗ್ಗೆ ಮತ್ತೆ ಗಲಾಟೆ ಎದ್ದಾಗ ಈ ಯಾವ ವಿವರವೂ ಯಾರಿಗೂ ಬೇಕಾಗಿರಲಿಲ್ಲ.

ಈಗ ಕಾರ್ಬನ್ ವಿಚಾರ. ಎಲ್ಲರೂ ಎಡವುವ ಜಾಗ ಇದು, ಸ್ವಲ್ಪ ಉದ್ದವಾಗೇ ಹೇಳುತ್ತೇನೆ. ಬರೆದ ವಸ್ತುವಿನ ವಯಸ್ಸು ಒಂದು, ಅದರ ಮೇಲೆ ಬರೆದ ದಿನ ಇನ್ನೊಂದು, ಪಠ್ಯ ಹುಟ್ಟಿದ ಕಾಲ ಮೂರನೆಯದು. ಕಾರ್ಬನ್ ಪರೀಕ್ಷೆ ಹೇಳುವುದು ಮೊದಲನೆಯದನ್ನು ಮಾತ್ರ. ಯೇಲ್ ವಿಶ್ವವಿದ್ಯಾಲಯದಲ್ಲಿರುವ, ಈವರೆಗೆ ಯಾರೂ ಓದಲಾಗದ ವಾಯ್ನಿಚ್ ಹಸ್ತಪ್ರತಿಯನ್ನು ನೋಡಿ. ಅರಿಜೋನಾದಲ್ಲಿ 2009ರಲ್ಲಿ ನಾಲ್ಕು ಹಾಳೆಗಳ ಅಂಚಿನಿಂದ ಸಣ್ಣ ಎಳೆ ಕತ್ತರಿಸಿ ಪರೀಕ್ಷಿಸಿದರು. ಹಾಳೆಗೆ ಬಳಸಿದ ಚರ್ಮ 1404ರಿಂದ 1438ರ ನಡುವಿನದು ಎಂದು ಬಂತು. ಅದನ್ನು 1912ರಲ್ಲಿ ಕೊಂಡ ಪುಸ್ತಕ ವ್ಯಾಪಾರಿ ವಾಯ್ನಿಚ್‌ನೇ ಬರೆದ ಎಂಬ ವಾದ ಅಲ್ಲಿಗೆ ಬಹಳ ಸೊರಗಿತು, ನಿಜ. ಆದರೆ ಬರೆದವರು ಯಾರು, ಅದರಲ್ಲಿ ಅರ್ಥವಿದೆಯೇ ಇಲ್ಲವೇ ಎಂಬ ಜಗಳ ಇದ್ದಲ್ಲೇ ಇದೆ. ನಿಮ್ಮದು ಕಾಗದ, ಅದರ ಕಥೆ ಇನ್ನೂ ಕಷ್ಟ: 1650ರಿಂದ 1950ರ ನಡುವಿನ ವಸ್ತುವಿಗೆ ಫಲಿತಾಂಶ ಒಂದೇ ಕಾಲವನ್ನು ತೋರಿಸದೆ ಎರಡು ಮೂರು ತುಂಡಾಗಿ ಬರುತ್ತದೆ. ಐವತ್ತರ ದಶಕದ ಅಣುಬಾಂಬ್ ಪರೀಕ್ಷೆಗಳ ನಂತರದ ಕಾಗದವಾದರೆ ಮಾತ್ರ ಖಚಿತವಾಗಿ ಗೊತ್ತಾಗುತ್ತದೆ. ಅಷ್ಟನ್ನು ನೋಟ್‌ಬುಕ್ಕಿನ ರಟ್ಟೇ ಪುಕ್ಕಟೆ ಹೇಳುತ್ತದೆ.

ಪ್ರತಿ ಹೊಸದಾಗಿ, ಪಠ್ಯ ಹಳೆಯದಾಗಿರಲೂಬಹುದು. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ ಗ್ರಂಥಲಿಪಿಯ (ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ) ಓಲೆಪ್ರತಿ. ಆ ಓಲೆ ಮೌರ್ಯರ ಕಾಲದ್ದೇನೂ ಅಲ್ಲ. 1909ರಲ್ಲಿ ಅಚ್ಚಾದ ಮೇಲೆ ಕೌಟಿಲ್ಯನೇ ಬರೆದನೇ ಎಂಬ ಅನುಮಾನವೂ ಬಂತು. ಆದರೆ ಹಳೆಯ ಸಂಸ್ಕೃತ ಲೇಖಕ ದಂಡಿ ಅದರ ಆರು ಸಾವಿರ ಶ್ಲೋಕಗಳ ಮಾತೆತ್ತಿದ್ದಾನೆ, ಬಾಣ ಕವಿ ತನ್ನ ‘ಕಾದಂಬರಿ’ ಎಂಬ ಕೃತಿಯಲ್ಲಿ ಅದನ್ನು ಬೈದಿದ್ದಾನೆ, ಬೇರೆ ಕಡೆ ಬೇರೆ ಪ್ರತಿಗಳೂ ಸಿಕ್ಕವು. ಹಳೆಯ ಪಠ್ಯಕ್ಕೆ ಹೊರಗಿನ ಸಾಕ್ಷಿ ಹೀಗೆ ಇರುತ್ತದೆ. ಇನ್ನು, ಹಾರುವ ಯಂತ್ರದ ಮಾತು ಬಂದ ಮಾತ್ರಕ್ಕೆ ಪಠ್ಯ ಖೋಟಾ ಆಗುವುದಿಲ್ಲ: ಭೋಜರಾಜನ ‘ಸಮರಾಂಗಣ ಸೂತ್ರಧಾರ’ ಎಂಬ ಗ್ರಂಥದಲ್ಲಿ ಪಾದರಸದಿಂದ ಹಾರುವ ಮರದ ಹಕ್ಕಿ ಬರುತ್ತದೆ. ವಿವರ ಬೇಕೆಂದೇ ಗುಟ್ಟಾಗಿಟ್ಟಿದ್ದೇನೆ, ಗೊತ್ತಿಲ್ಲದೆ ಅಲ್ಲ ಎಂದು ಅಲ್ಲೇ ಹೇಳಿಬಿಡುತ್ತಾನೆ, ಜಾಣ! ಹನ್ನೊಂದನೇ ಶತಮಾನದ ಆ ಕೃತಿಯನ್ನು ಯಾರೂ ಖೋಟಾ ಎನ್ನುವುದಿಲ್ಲ.

ನಿಮ್ಮ ನೋಟ್‌ಬುಕ್ಕಿಗೆ ಬರೋಣ. ರಟ್ಟಿನ ಮೇಲೆ ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು ಎನ್ನಬಹುದು, ನಯಾಪೈಸೆ ಬಂದದ್ದು ಆಗ. ಅಂಗಡಿಯ ವಿಳಾಸದಲ್ಲಿ ‘ಕರ್ನಾಟಕ’ ಎಂದಿದ್ದರೆ ಹೆಚ್ಚುಕಡಿಮೆ 1973ರ ನವೆಂಬರ್ ಆದಮೇಲಿನದು. ಹಾಳೆಯನ್ನು ಕಿಟಕಿಗೆ ಹಿಡಿದು ನೀರುಗುರುತು (ವಾಟರ್‌ಮಾರ್ಕ್) ಹುಡುಕಿ. ಹತ್ತುಪಟ್ಟು ದೊಡ್ಡದು ಮಾಡುವ ಲೆನ್ಸ್‌ನಲ್ಲಿ ಗೆರೆ ನೋಡಿ: ನಿಬ್ ಒತ್ತಿದ ಕಡೆ ಎರಡು ಅಂಚೂ ಗಾಢ, ನಡುವೆ ತೆಳು, ಬಾಲ್‌ಪೆನ್ ಗೆರೆ ಕಾಗದವನ್ನು ತಗ್ಗು ಮಾಡಿರುತ್ತದೆ, ತಿರುವಿನಲ್ಲಿ ಶಾಯಿ ಗಂಟು ಕಟ್ಟಿರುತ್ತದೆ. ಬಾಲ್‌ಪೆನ್ ಆದರೆ 1923ರ ಮಾತು ಅಲ್ಲಿಗೆ ಮುಗಿಯಿತು.

ಇಷ್ಟು ದಾಟಿದರೆ ತಪ್ಪುಗಳನ್ನು ಪಟ್ಟಿ ಮಾಡಿ. ಸರಿಯಾದ ಸಾಲುಗಳಿಂದ ಏನೂ ತಿಳಿಯುವುದಿಲ್ಲ. ಕೇಳಿ ಬರೆದವರ ತಪ್ಪು ಕಿವಿಯ ತಪ್ಪು: ಶಕಾರದ ಜಾಗದಲ್ಲಿ ಷಕಾರ, ಮಹಾಪ್ರಾಣ ಬಿಟ್ಟುಹೋಗಿರುವುದು. ನೋಡಿ ಬರೆದವರದು ಕಣ್ಣಿನ ತಪ್ಪು: ಪ ಹೋಗಿ ವ, ಒಂದೇ ಪದದಿಂದ ಮುಗಿಯುವ ಎರಡು ಸಾಲುಗಳಲ್ಲಿ ನಡುವಿನದು ಮಾಯ. ಮಾಯವಾದ ಭಾಗ ಅಚ್ಚಿನ ಪುಸ್ತಕದ ಸರಿಯಾಗಿ ಒಂದು ಸಾಲಾದರೆ ಪುಸ್ತಕ ಎದುರಿಗಿಟ್ಟುಕೊಂಡೇ ಇಳಿಸಿದ್ದಾರೆ. ಶ್ಲೋಕಗಳ ಸಾಮಾನ್ಯ ಛಂದಸ್ಸಾದ ಅನುಷ್ಟುಪ್ಪಿನ ಪಾದಕ್ಕೆ ಎಂಟು ಅಕ್ಷರ. ಅಚ್ಚಿನಲ್ಲಿ ಏಳೋ ಒಂಬತ್ತೋ ಆಗಿರುವ ಜಾಗ ಗುರುತು ಹಾಕಿಕೊಳ್ಳಿ. ನಿಮ್ಮಲ್ಲೂ ಅದೇ ಕುಂಟು ಇದ್ದರೆ ಎರಡಕ್ಕೂ ಮೂಲ ಒಂದೇ, ಇಲ್ಲವೇ ಒಂದು ಇನ್ನೊಂದರ ನಕಲು. ಅಲ್ಲಿ ಛಂದಸ್ಸು ಸರಿಯಿದ್ದು, ಬೇರೆ ಕಡೆ ಕಿವಿಯ ತಪ್ಪುಗಳಿದ್ದರೆ ಮಾತ್ರ ಎದ್ದು ಕುಳಿತುಕೊಳ್ಳಿ. ಅದು ಹೇಳಿಸಿ ಬರೆಸಿದ ಪ್ರತಿಗೆ ಹತ್ತಿರದ್ದು. ಪುರಾತನವಲ್ಲದಿದ್ದರೂ ಅದಕ್ಕೆ ನಿಜವಾದ ಬೆಲೆ ಇದೆ.

ನೋಟ್‌ಬುಕ್ ಜೊತೆ ಇದ್ದ ಎರಡು ಓಲೆಗರಿಗಳಿಗೆ ದಲ್ಲಾಳಿ ‘ಇನ್ನೂರು ವರ್ಷ’ ಎಂದಿದ್ದಾನಲ್ಲ, ಹುಳು ತಿಂದ ತೂತುಗಳನ್ನು ಓರೆ ಬೆಳಕಿನಲ್ಲಿ ನೋಡಿ. ತೂತು ಅಕ್ಷರದ ನಡುವೆಯೇ ಹಾದುಹೋಗಿದ್ದರೆ ಬರೆದ ಮೇಲೆ ಹುಳು ಬಿದ್ದಿದೆ. ಅಕ್ಷರ ತೂತಿನ ಪಕ್ಕಕ್ಕೆ ಸರಿದು, ಒತ್ತೊತ್ತಾಗಿ ಕೂತಿದ್ದರೆ ಹಳೇ ಖಾಲಿ ಗರಿಯ ಮೇಲೆ ಹೊಸದಾಗಿ ಕೊರೆದದ್ದು. ದಾರದ ತೂತಿನ ಸುತ್ತ ಜಾಗ ಬಿಟ್ಟಿರುವುದು ಸಹಜ, ಅದನ್ನು ಲೆಕ್ಕಕ್ಕೆ ತರಬೇಡಿ. ಏತ್ವ, ಓತ್ವಕ್ಕೆಲ್ಲ ಇಂದಿನ ಅಚ್ಚಿನಂತೆ ದೀರ್ಘದ ಚಿಹ್ನೆ ಹಾಕಿದ್ದರೆ ಅನುಮಾನಪಡಿ, ಹಳೇ ಓಲೆಗಳಲ್ಲಿ ಸಾಮಾನ್ಯವಾಗಿ ಆ ಪದ್ಧತಿ ಇರಲಿಲ್ಲ.

ಕೊಬ್ಬರಿ ಎಣ್ಣೆ ಸವರುವುದು, ಲ್ಯಾಮಿನೇಷನ್ ಮಾಡಿಸುವುದು, ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಡುವುದು ಬೇಡ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಪ್ರತಿ ಪುಟದ ಫೋಟೊ ತೆಗೆಯಿರಿ, ಬೆಂಗಳೂರಿನ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯಲ್ಲೋ ಮೈಸೂರಿನ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲೋ ತೋರಿಸಿ. ಅಲ್ಲಿಯವರೆಗೆ ದಲ್ಲಾಳಿಯಿಂದ ಮುಂಗಡ ಮುಟ್ಟಬೇಡಿ. ರಟ್ಟು, ಮೊದಲ ಪುಟ, ಕೊನೆಯ ಪುಟ ಇಲ್ಲಿ ಹಾಕಿದರೆ ಶಾಯಿಯ ಬಗ್ಗೆ ನಾನೂ ಒಂದು ಮಾತು ಹೇಳಬಲ್ಲೆ.