ಸಕ್ರಿ ಅಂದರೆ ಅಕ್ಕಿ ತರುವವರು

ಗಂಗಾವತಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಮನೆಯವರಿಗೆ 47 ವರ್ಷ. 20 ವರ್ಷದಿಂದ ರೈಸ್ ಮಿಲ್ಲಿನಲ್ಲಿ ಕೆಲಸ. ದಿನಕ್ಕೊಂದು ಪ್ಯಾಕ್ ಸಿಗರೇಟ್ ಬೇಕೇ ಬೇಕು. ಈಚೆಗೆ ನಾನು, ಮಗಳು ಹೇಳಿದ್ದು ಅವರ ಕಿವಿಗೆ ಬೀಳುವುದೇ ಇಲ್ಲ. ಸಕ್ರಿ ತರ್ರಿ ಅಂದರೆ ಅಕ್ಕಿ ತರುತ್ತಾರೆ. ಕೇಳಿದರೆ 'ನೀನೇ ಬಾಯಾಗ ಬಾಯಾಗ ಮಾತಾಡ್ತಿ' ಅಂತ ರೇಗುತ್ತಾರೆ. ಗೆಳೆಯರ ಜೊತೆ ಕಟ್ಟೆ ಮೇಲೆ ಕೂತರೆ ಮಾತ್ರ ಎಲ್ಲಾ ಕೇಳುತ್ತದೆ! ಕಿವಿ ಡಾಕ್ಟರ್ 'ಸಿಗರೇಟ್ ಸೇದ್ತೀರಾ?' ಅಂದದ್ದೇ ತಡ, 'ಕಿವಿಗೂ ಹೊಗೆಗೂ ಏನ್ ಸಂಬಂಧ' ಅಂತ ಎದ್ದು ಬಂದರು. ನನಗೂ ಹಾಗೇ ಅನಿಸಿತು. 15 ದಿನದಿಂದ ಅವರ ಜೊತೆ ಮಾತು ಬಿಟ್ಟಿದ್ದೇನೆ. ತಪ್ಪಾ?"

ತಂಗಿ, ನಿಮ್ಮ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಕ್ರಿ-ಅಕ್ಕಿ. ಸ, ಶ ಇವೆಲ್ಲ ಸಣ್ಣ, ಚೂಪು ಸದ್ದುಗಳು. ಹೊಗೆಯಿಂದಲೋ ಗದ್ದಲದಿಂದಲೋ ಕಿವಿ ಸೋತಾಗ ಮೊದಲು ಕೈಬಿಡುವುದು ಇವೇ. ಹೆಂಗಸರ, ಮಕ್ಕಳ ತೆಳು ದನಿಯೂ ಹಾಗೇ. ಗೆಳೆಯರ ದಪ್ಪ ದನಿ ಮಾತ್ರ ಉಳಿಯುತ್ತದೆ. ನಿಮಗೆ ಬೇಕಂತಲೇ ಕಿವಿಗೊಡುತ್ತಿಲ್ಲ ಅನಿಸುತ್ತದೆ, ಅವರಿಗೆ ನೀವೇ ಗೊಣಗುತ್ತೀರಿ ಅನಿಸುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪರೀಕ್ಷೆ ಮಾಡದೆ ಇದೇ ಅಂತ ನಾನು ಹೇಳಲಾರೆ. ಬರೀ ಗುಗ್ಗೆ ಕಟ್ಟಿದ್ದರೂ ಕಟ್ಟಿರಬಹುದು.

ಇನ್ನು ಹೊಗೆಯ ಮಾತು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಪುಟ್ಟ ಭಾಗ ಇದೆ. ಅದರೊಳಗೆ ಕೂದಲಿನಂಥ ಎಳೆಗಳಿರುವ ಸುಮಾರು 15,000 ಜೀವಕೋಶಗಳು. ಸದ್ದನ್ನು ಮೆದುಳಿಗೆ ಮುಟ್ಟಿಸುವುದು ಅವೇ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿಗೆ ರಕ್ತ ಹೋಗುವುದು ಒಂದೇ ಸಣ್ಣ ನಾಳದಲ್ಲಿ, ಬೇರೆ ದಾರಿ ಇಲ್ಲ. ನಿಮ್ಮ ಎಡದಂಡೆ ಕಾಲುವೆಯ ಕೊನೇ ಹೊಲ ನೆನಪಿಸಿಕೊಳ್ಳಿ. ಮೇಲೆ ಸ್ವಲ್ಪ ನೀರು ಕಮ್ಮಿಯಾದರೂ ಮೊದಲು ಒಣಗುವುದು ಅದೇ ಅಲ್ವಾ? ನಿಕೋಟಿನ್ ಆ ನಾಳವನ್ನು ಬಿಗಿಯುತ್ತದೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗಕ್ಕೆ ಕೂರುತ್ತದೆ.

ಜಪಾನಿನಲ್ಲಿ 50,000ಕ್ಕೂ ಹೆಚ್ಚು ಉದ್ಯೋಗಿಗಳನ್ನು 8 ವರ್ಷದವರೆಗೆ ಗಮನಿಸಿ, 2018ರಲ್ಲಿ ವರದಿ ಪ್ರಕಟಿಸಿದರು. ಚೂಪು ಸದ್ದು ಕೇಳದಾಗುವ ಅಪಾಯ ಸೇದುವವರಲ್ಲಿ 1.6 ಪಟ್ಟು. ಬಿಟ್ಟವರಲ್ಲಿ 5 ವರ್ಷದೊಳಗೇ ಅದು ಇಳಿದಿತ್ತು. ಹೋದ ಕಿವಿ ವಾಪಸ್ ಬರುವುದಿಲ್ಲ, ಇದ್ದದ್ದು ಉಳಿಯಬಹುದು. 1998ರ ಅಮೆರಿಕದ ಒಂದು ಅಧ್ಯಯನದಲ್ಲಿ, ಸೇದುವವರ ಜೊತೆ ಒಂದೇ ಮನೆಯಲ್ಲಿದ್ದವರಿಗೂ ಈ ತೊಂದರೆ ಜಾಸ್ತಿ ಕಂಡಿತ್ತು. ಹಾಗಾಗಿ ಸಿಗರೇಟು ಹೊಸ್ತಿಲ ಹೊರಗೆ ಇರಲಿ ಅಂತ ನೀವು ಹಟ ಹಿಡಿದರೆ ತಪ್ಪಿಲ್ಲ.

ಆದರೆ ಎಲ್ಲಾ ತಪ್ಪನ್ನೂ ಸಿಗರೇಟಿನ ತಲೆಗೆ ಕಟ್ಟಬೇಡಿ. ಮಿಲ್ಲಿನ ಗದ್ದಲವೂ ಇದೆ. 85 ಡೆಸಿಬಲ್ ಮೀರಿದ ಸದ್ದಲ್ಲಿ ದಿನಾ 8 ತಾಸು ನಿಂತರೆ ಕಿವಿ ಸವೆಯುತ್ತದೆ. ಹೊಗೆ, ಗದ್ದಲ ಎರಡೂ ಸೇರಿದರಂತೂ ಇನ್ನೂ ಕೆಟ್ಟದ್ದು. ನಾನಾಗಿದ್ದರೆ ಇದೇ ಬಾಗಿಲಿಂದ ಒಳಗೆ ಹೋಗುತ್ತಿದ್ದೆ: "ಮಿಲ್ಲಿನ ಸದ್ದಿಗೆ ಕಿವಿ ಏನಾಗೈತೋ ತೋರಿಸ್ಕೊಂಡು ಬರೂಣ ಬರ್ರಿ." ಇದು ನಿಜವೂ ಹೌದು, ಅವರ ಮಾನಕ್ಕೂ ಪೆಟ್ಟಿಲ್ಲ. ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ, ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಪರೀಕ್ಷೆ, ಮಾಡಿಸಬೇಕು ಅಂತ ಕೇಳಿ. ನೋವಿಲ್ಲ, ಸೂಜಿಯಿಲ್ಲ. ಡಾಕ್ಟರ್ ಮತ್ತೆ ಸಿಗರೇಟಿನ ಬಗ್ಗೆ ಕೇಳೇ ಕೇಳುತ್ತಾರೆ. ಆಗ ನೀವು ಸುಮ್ನೆ ಇರಿ, ಅವರೇ ಉತ್ತರ ಕೊಡಲಿ. ಒಂದು ಕಿವಿ ದಿಢೀರ್ ಅಂತ ಮುಚ್ಚಿದಂತಾದರೆ ಮಾತ್ರ ಕಾಯಬೇಡಿ, ಅವತ್ತೇ ಹೋಗಿ.

ಬಿಡುವ ಮನಸ್ಸು ಬಂದರೆ 1800-11-2356ಗೆ ಫೋನ್ ಮಾಡಲಿ. ದುಡ್ಡಿಲ್ಲದ ಸಹಾಯವಾಣಿ. ತಮಾಷೆ ಅಂದರೆ, ಆ ನಂಬರು ದಿನಾ ಅವರ ಜೇಬಲ್ಲೇ ಇದೆ, ಸಿಗರೇಟ್ ಪ್ಯಾಕಿನ ಮೇಲೇ ಅಚ್ಚಾಗಿದೆ.

ಮಾತು ಬಿಟ್ಟದ್ದು ತಪ್ಪಾ ಅಂತ ಕೇಳಿದಿರಿ. ಬಿಟ್ಟದ್ದು ಅವರಿಗೆ ಗೊತ್ತಾಗಿದೆಯಾ, ಮೊದಲು ಅದನ್ನು ವಿಚಾರಿಸಿ! ಅಡುಗೆಮನೆಯಿಂದ ಕೂಗಬೇಡಿ. ಟಿವಿ ಆರಿಸಿ, ಎದುರು ನಿಂತು ಮುಖ ಕಾಣುವಂತೆ ನಿಧಾನ ಮಾತಾಡಿ. ಪರೀಕ್ಷೆ ಆಗುವವರೆಗೆ ಸಕ್ರಿ ಬದಲು ಬೆಲ್ಲ ತರಿಸಿ. ಅದರಲ್ಲಿ ಸ ಇಲ್ಲ.